ಕೈಯಲ್ಲಿ ಹಿಡಿಯುವ ಒಗಟು: ಮಗುವಿನ ಆಟಿಕೆಯ ಹಿಂದಿರುವ ಸಾವಿರ ವರ್ಷಗಳ ಚರಿತ್ರೆ



ಕಳೆದ ಈದ್ ಹಬ್ಬಕ್ಕೆ ನಿಮ್ಮ ಮನೆಯ ನಾಲ್ಕು ವರ್ಷದ ಮಗುವಿಗೆ ಯಾವ ಆಟಿಕೆ ಕೊಡಿಸಿದಿರಿ? ಕೀ ಕೊಟ್ಟರೆ ಓಡುವ ಕಾರೋ, ಗುಂಡಿ ಒತ್ತಿದರೆ ಹಾಡುವ ಗೊಂಬೆಯೋ? ಅಥವಾ ಅಳು ನಿಲ್ಲಲೆಂದು ನಿಮ್ಮ ಮೊಬೈಲನ್ನೇ ಅದರ ಕೈಗೆ ಕೊಟ್ಟಿರೋ? ನಾಚಿಕೆಪಡಬೇಕಾಗಿಲ್ಲ. ನಾನೂ ಹಾಗೆ ಮಾಡಿದವರಲ್ಲಿ ಒಬ್ಬ ಶಿಕ್ಷಕನೇ. ಆದರೆ ಆ ಕಾರು ತಾನೇ ಓಡುವಾಗ, ಆ ಗೊಂಬೆ ತಾನೇ ಹಾಡುವಾಗ ಮಗುವಿಗೆ ಉಳಿಯುವ ಕೆಲಸವೇನು ಎಂದು ಒಮ್ಮೆ ಯೋಚಿಸಿ ನೋಡಿ. ಸುಮ್ಮನೆ ನೋಡುತ್ತಾ ಕೂರುವುದು ಮಾತ್ರ.

ಕನ್ನಡದಲ್ಲಿ ಒಗಟು ಎನ್ನುತ್ತೇವೆ, ಉರ್ದುವಿನಲ್ಲಿ ಪಹೇಲಿ ಎನ್ನುತ್ತೇವೆ. ಎರಡಕ್ಕೂ ಇಬ್ಬರು ಬೇಕು: ಕೇಳಲು ಒಬ್ಬರು, ಬಿಡಿಸಲು ಒಬ್ಬರು. ದಾದಿಯೋ ಅಜ್ಜಿಯೋ ಕೇಳುತ್ತಾರೆ, ಮಕ್ಕಳು ತಲೆ ಕೆರೆದುಕೊಳ್ಳುತ್ತಾರೆ. ಉತ್ತರ ಸರಿಯೋ ತಪ್ಪೋ ಎಂದು ಹೇಳುವವರೂ ಅವರೇ. ಆದರೆ ಇನ್ನೊಂದು ಬಗೆಯ ಒಗಟಿದೆ. ಅದನ್ನು ಕೇಳಲು ಯಾರೂ ಬೇಡ. ಮರದ ತುಂಡೇ ಪ್ರಶ್ನೆ ಕೇಳುತ್ತದೆ, ಮರದ ಗುಳಿಯೇ ಉತ್ತರ ಹೇಳುತ್ತದೆ. ತುಂಡು ಕೂತರೆ ಸರಿ, ಕೂರದಿದ್ದರೆ ತಪ್ಪು. ಬೈಯುವವರಿಲ್ಲ, ನಗುವವರಿಲ್ಲ, ಅಂಕ ಕೊಡುವವರಿಲ್ಲ. ಮಗು ಒಂಟಿಯಾಗಿ ಕೂತು ಕೈಯಿಂದಲೇ ಬಿಡಿಸುವ ಈ ಒಗಟು ನಮ್ಮ ಮನೆಗಳಿಗೆ ಬಂದದ್ದು ಹೇಗೆ? ಅದರ ಚರಿತ್ರೆ ತಿಳಿದರೆ ಅದನ್ನು ಆಯ್ಕೆ ಮಾಡುವ ಬಗೆಯೂ ತಾನಾಗಿ ತಿಳಿಯುತ್ತದೆ ಎಂಬುದು ನನ್ನ ನಂಬಿಕೆ. ಬನ್ನಿ, ಸ್ವಲ್ಪ ಹಿಂದಕ್ಕೆ ಹೋಗೋಣ.

ಬಗ್ದಾದಿನ ಚೌಕಗಳು

ತುಂಡುಗಳನ್ನು ಜೋಡಿಸುವ ಆಟ ಬಹಳ ಹಳೆಯದು. ಕ್ರಿಸ್ತಪೂರ್ವ ಮೂರನೆಯ ಶತಮಾನದ ಗ್ರೀಕ್ ಗಣಿತಜ್ಞ ಆರ್ಕಿಮಿಡೀಸ್, ಒಂದು ಚೌಕವನ್ನು 14 ತುಂಡುಗಳಾಗಿ ಕತ್ತರಿಸಿದ ‘ಸ್ಟೊಮಾಕಿಯಾನ್’ ಎಂಬ ಆಟದ ಕುರಿತು ಬರೆದಿದ್ದ. ಆ ಬರಹ ಪೂರ್ತಿಯಾಗಿ ಉಳಿದಿಲ್ಲ. ಉಳಿದಿರುವ ಭಾಗಗಳಲ್ಲಿ ಒಂದು ನಮ್ಮವರೆಗೆ ಬಂದಿರುವುದು ಅರಬ್ಬೀ ಅನುವಾದದ ಮೂಲಕ. ಆ 14 ತುಂಡುಗಳಿಂದ ಮತ್ತೆ ಚೌಕ ಕಟ್ಟಲು ಎಷ್ಟು ದಾರಿಗಳಿವೆ ಗೊತ್ತೇ? 2003ರಲ್ಲಿ ಕಂಪ್ಯೂಟರ್ ನೆರವಿನಿಂದ ಎಣಿಸಿದಾಗ ಸಿಕ್ಕ ಉತ್ತರ 17,152!

ಹತ್ತನೆಯ ಶತಮಾನದ ಬಗ್ದಾದಿನಲ್ಲಿ ಅಬುಲ್ ವಫಾ ಅಲ್ ಬುಝ್‌ಜಾನಿ ಎಂಬ ಗಣಿತಜ್ಞರಿದ್ದರು. 940ರಲ್ಲಿ ಖುರಾಸಾನಿನ ಬುಝ್‌ಜಾನ್‌ನಲ್ಲಿ ಹುಟ್ಟಿದ ಇವರು, ಕುಶಲಕರ್ಮಿಗಳಿಗೆ ಬೇಕಾಗುವ ರೇಖಾಗಣಿತದ ಬಗ್ಗೆಯೇ ಒಂದು ಪುಸ್ತಕ ಬರೆದರು. ದೊಡ್ಡ ಗಣಿತಜ್ಞರು ಕಲ್ಲು, ಮರ, ಹಂಚಿನ ಕೆಲಸದವರಿಗಾಗಿ ಬರೆಯುವುದು ಇಂದಿಗೂ ಅಪರೂಪ, ಅಲ್ಲವೇ? ಆ ಪುಸ್ತಕದಲ್ಲಿ ಒಂದು ಪ್ರಶ್ನೆ ಬರುತ್ತದೆ. ಒಂದೇ ಅಳತೆಯ ಮೂರು ಚೌಕಗಳಿವೆ. ಅವನ್ನು ಕತ್ತರಿಸಿ, ಏನೂ ಉಳಿಯದಂತೆ ಒಂದೇ ದೊಡ್ಡ ಚೌಕ ಮಾಡುವುದು ಹೇಗೆ? ಕುಶಲಕರ್ಮಿಗಳ ಬಳಿ ಕೆಲವು ಉಪಾಯಗಳಿದ್ದವು. ಆದರೆ ಅವು ನೋಡಲು ಸರಿ ಕಂಡರೂ ಲೆಕ್ಕಕ್ಕೆ ಕೂಡುತ್ತಿರಲಿಲ್ಲ. ಗಣಿತಜ್ಞರಿಗೆ ಲೆಕ್ಕ ಗೊತ್ತಿತ್ತು, ಕೈಕೆಲಸ ಗೊತ್ತಿರಲಿಲ್ಲ. ಅಬುಲ್ ವಫಾ ಎರಡನ್ನೂ ಕೂಡಿಸಿದರು. ಎರಡು ಚೌಕಗಳನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿ ನಾಲ್ಕು ತ್ರಿಕೋನ ಮಾಡಿ, ಅವನ್ನು ಮೂರನೆಯ ಚೌಕದ ನಾಲ್ಕು ಬದಿಗೆ ಹೊಂದಿಸಿ, ಹೊರಗೆ ಚಾಚಿದ ಚೂರುಗಳನ್ನು ಕತ್ತರಿಸಿ ಖಾಲಿ ಉಳಿದ ಜಾಗಕ್ಕೆ ಸೇರಿಸಿದರು. ಒಂಬತ್ತು ತುಂಡುಗಳು, ಒಂದು ಚೌಕ.

ಇದು ಮಕ್ಕಳ ಆಟವಾಗಿರಲಿಲ್ಲ ನಿಜ. ಆದರೆ ಇದರಲ್ಲಿರುವ ಪಾಠ ಮುಖ್ಯ. ಕೈ ಬೇರೆ, ಬುದ್ಧಿ ಬೇರೆ ಅಲ್ಲ ಎಂಬುದೇ ಆ ಪಾಠ. ಒಂದು ಶತಮಾನದ ನಂತರ ಬಂದ ಇಮಾಮ್ ಗಝಾಲಿ (1058–1111) ತಮ್ಮ ‘ಇಹ್ಯಾ ಉಲೂಮುದ್ದೀನ್’ ಗ್ರಂಥದಲ್ಲಿ, ಪಾಠ ಮುಗಿದ ಮೇಲೆ ಮಗುವನ್ನು ಒಳ್ಳೆಯ ಆಟಕ್ಕೆ ಬಿಡಬೇಕೆಂದೂ, ಆಟ ತಡೆದು ಸದಾ ಓದಿಗೆ ನೂಕಿದರೆ ಅದರ ಮನಸ್ಸು ಬಾಡಿ ಬುದ್ಧಿ ಮೊಂಡಾಗುತ್ತದೆಂದೂ ಎಚ್ಚರಿಸಿದ್ದಾರೆ. ಮಕ್ಕಳನ್ನು ಆಟದಿಂದ ಎಬ್ಬಿಸಿ ಟ್ಯೂಷನ್ನಿಗೆ ಕಳಿಸುವ ನಾವು ಇದನ್ನು ನೆನಪಿಡಬೇಕು.

ಕತ್ತರಿಸಿದ ಭೂಪಟ

ಮಕ್ಕಳಿಗೆಂದೇ ಮಾರಾಟಕ್ಕೆ ಬಂದ ಜೋಡಣೆಯ ಆಟಕ್ಕೆ ಲಂಡನ್ನಿಗೆ ಹೋಗಬೇಕು. 1760ರ ದಶಕದಲ್ಲಿ ಜಾನ್ ಸ್ಪಿಲ್ಸ್‌ಬರಿ ಎಂಬ ನಕ್ಷೆ ಕೆತ್ತುವ ಕುಶಲಕರ್ಮಿ, ಭೂಪಟವನ್ನು ತೆಳುವಾದ ಮರದ ಹಲಗೆಗೆ ಅಂಟಿಸಿ, ದೇಶಗಳ ಗಡಿಯ ಉದ್ದಕ್ಕೂ ಸಣ್ಣ ಗರಗಸದಿಂದ ಕತ್ತರಿಸಿ ಮಾರಿದ. ಭೂಗೋಳ ಕಲಿಸುವುದೇ ಅದರ ಉದ್ದೇಶ. ರಾಜ ಮೂರನೆಯ ಜಾರ್ಜ್‌ನ ಮಕ್ಕಳ ಪಾಲಕಿಯಾಗಿದ್ದ ಲೇಡಿ ಷಾರ್ಲಟ್ ಫಿಂಚ್ ಇಂಥ ಭೂಪಟಗಳನ್ನು ಅರಮನೆಯ ಮಕ್ಕಳಿಗೆ ಬಳಸಿದಳು. ಇಂದು ನಾವು ಜಿಗ್ಸಾ ಪಜಲ್ ಎನ್ನುವುದರ ಮೂಲ ಇದೇ. ಕೈಯಿಂದ ಕೊಯ್ದ ಮರದ ಆಟಿಕೆಯಾದ್ದರಿಂದ ಮೊದಮೊದಲು ಅದು ಉಳ್ಳವರ ಮನೆಗೆ ಮಾತ್ರ ಸಿಗುತ್ತಿತ್ತು. ಮುಂದೆ ರಟ್ಟಿನ ಮೇಲೆ ಅಚ್ಚು ಹಾಕಿ ಯಂತ್ರದಿಂದ ಕತ್ತರಿಸುವುದು ಬಂದ ಮೇಲೆ ಬೆಲೆ ಇಳಿಯಿತು. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಅಮೆರಿಕದ ಜನ ಇದನ್ನು ಮುಗಿಬಿದ್ದು ಆಡಿದರು.

ವಿದ್ಯಾರ್ಥಿಗಳೇ, ಇಲ್ಲಿ ಇನ್ನೊಂದನ್ನೂ ಗಮನಿಸಿ. ಆ ಲಂಡನ್ ಮಕ್ಕಳ ಪುಟ್ಟ ಕೈಗಳು ಜೋಡಿಸುತ್ತಿದ್ದ ತುಂಡುಗಳಲ್ಲಿ ನಮ್ಮ ಏಷ್ಯಾದ ದೇಶಗಳೂ ಇದ್ದವು. ಜಗತ್ತನ್ನು ಹೇಗೆ ಕತ್ತರಿಸಿ ಮಗುವಿನ ಮುಂದಿಡುತ್ತೇವೆ ಎಂಬುದೂ ಒಂದು ಪಾಠವೇ. ಆಟಿಕೆ ಎಂದೂ ಬರೀ ಆಟಿಕೆಯಲ್ಲ.

ಹಾಗೆಯೇ ಚರಿತ್ರೆಯ ಹೆಸರಿನಲ್ಲಿ ಬರುವ ಎಲ್ಲವನ್ನೂ ನಂಬಬೇಡಿ. ಚೀನಾದ ಏಳು ತುಂಡುಗಳ ಟ್ಯಾಂಗ್ರಾಮ್ ನಾಲ್ಕು ಸಾವಿರ ವರ್ಷ ಹಳೆಯದೆಂದು ಈಗಲೂ ಕೆಲವರು ಬರೆಯುತ್ತಾರೆ. ಅದು 1903ರಲ್ಲಿ ಸ್ಯಾಮ್ ಲಾಯ್ಡ್ ಎಂಬ ಅಮೆರಿಕದ ಒಗಟುಗಾರ ತಮಾಷೆಗೆ ಹೆಣೆದ ಕಟ್ಟುಕಥೆ. ಟ್ಯಾಂಗ್ರಾಮ್ ಕುರಿತ ಚೀನೀ ಪುಸ್ತಕಗಳು ಸಿಗುವುದು ಹತ್ತೊಂಬತ್ತನೆಯ ಶತಮಾನದ ಆರಂಭದಿಂದ. ಆಟ ಚೆನ್ನಾಗಿದ್ದರೆ ಸಾಕು, ಅದಕ್ಕೆ ಸುಳ್ಳು ವಯಸ್ಸು ಬೇಡ.

ಯಾರೂ ಬೇಡವೆಂದ ಮಕ್ಕಳು ಕೊಟ್ಟ ಕಾಣಿಕೆ

ಈಗ ನಮ್ಮ ಕಥೆಯ ಮುಖ್ಯ ತಿರುವಿಗೆ ಬರೋಣ. 1800ರಲ್ಲಿ ಫ್ರಾನ್ಸಿನ ಅವೇರಾನ್ ಪ್ರದೇಶದ ಕಾಡಿನಿಂದ ಒಬ್ಬ ಹುಡುಗ ಹೊರಬಂದ. ಸುಮಾರು 12 ವರ್ಷ ಇರಬಹುದು. ಮಾತಿಲ್ಲ, ಯಾರವನೆಂದು ಗೊತ್ತಿಲ್ಲ. ಇವನಿಗೆ ಏನೂ ಕಲಿಸಲಾಗದು ಎಂದು ಪ್ಯಾರಿಸಿನ ಪಂಡಿತರು ಕೈಚೆಲ್ಲಿದರು. ಇತಾರ್ ಎಂಬ ಯುವ ವೈದ್ಯರು ಮಾತ್ರ ಒಪ್ಪಲಿಲ್ಲ. ಆ ಹುಡುಗನಿಗೆ ವಿಕ್ತೋರ್ ಎಂದು ಹೆಸರಿಟ್ಟು ವರ್ಷಗಟ್ಟಲೆ ದುಡಿದರು. ಬಣ್ಣದ ವೃತ್ತ, ತ್ರಿಕೋನ, ಚೌಕಗಳನ್ನು ಹಲಗೆಗೆ ಅಂಟಿಸಿ, ಅದೇ ಆಕಾರದ ತುಂಡುಗಳನ್ನು ಅವುಗಳ ಮೇಲಿಡಲು ಕಲಿಸಿದರು. ವಿಕ್ತೋರ್ ಮಾತು ಕಲಿಯಲಿಲ್ಲ. ಆದರೆ ಹೊಂದಿಸುವುದನ್ನು ಕಲಿತ.

ಇತಾರ್ ಅವರ ಶಿಷ್ಯ ಎದುವಾರ್ ಸೆಗ್ಯಾಂ (1812–1880) ಬುದ್ಧಿಮಾಂದ್ಯ ಮಕ್ಕಳಿಗೆ ಕಲಿಸಲು ಆಕಾರಗಳ ಗುಳಿಯಿರುವ ಮರದ ಹಲಗೆಗಳನ್ನು ಬೆಳೆಸಿದರು. ಇವರ ಹೆಸರಿನ ಸೆಗಿನ್ ಫಾರ್ಮ್ ಬೋರ್ಡನ್ನು ಭಾರತದ ಮನಶ್ಶಾಸ್ತ್ರಜ್ಞರು ಇಂದಿಗೂ ಮಕ್ಕಳ ಬುದ್ಧಿಮಟ್ಟ ಅಳೆಯಲು ಬಳಸುತ್ತಾರೆ. ಅಂಗಡಿಯಲ್ಲಿ ನೀವು ನೋಡುವ ಹಣ್ಣು, ಪ್ರಾಣಿ, ಅಕ್ಷರಗಳ ಮರದ ಹಲಗೆ ಈ ವಂಶದ್ದೇ.

ಅದೇ ಕಾಲಕ್ಕೆ ಜರ್ಮನಿಯಲ್ಲಿ ಫ್ರೋಬೆಲ್ (1782–1852) ಮಕ್ಕಳಿಗೆ ಚೆಂಡು, ಘನ, ಉರುಳೆಗಳನ್ನು ‘ಉಡುಗೊರೆ’ ಎಂಬ ಹೆಸರಿನಲ್ಲಿ ಕ್ರಮವಾಗಿ ಕೊಡುತ್ತಿದ್ದರು. ಮೂರನೆಯ ಉಡುಗೊರೆ ಎಂಟು ಸಣ್ಣ ಘನಗಳಾಗಿ ಬಿಡಿಸಬಹುದಾದ ಒಂದು ದೊಡ್ಡ ಘನ. ತರುಣರಾಗಿದ್ದಾಗ ಅವರು ಬರ್ಲಿನ್‌ನಲ್ಲಿ ಹರಳುಗಳ ರಚನೆಯನ್ನು ಅಧ್ಯಯನ ಮಾಡಿದ್ದರು. 1840ರಲ್ಲಿ ಅವರು ತಮ್ಮ ಶಾಲೆಗೆ ಇಟ್ಟ ಹೆಸರು ಕಿಂಡರ್‌ಗಾರ್ಟನ್, ಎಂದರೆ ಮಕ್ಕಳ ತೋಟ.

ಈ ಎಲ್ಲ ಎಳೆಗಳನ್ನು ಕೂಡಿಸಿದವರು ಇಟಲಿಯ ವೈದ್ಯೆ ಮಾರಿಯಾ ಮಾಂಟೆಸ್ಸರಿ (1870–1952). ಇತಾರ್ ಮತ್ತು ಸೆಗ್ಯಾಂ ಅವರ ಪುಸ್ತಕಗಳನ್ನು ಕೈಬರಹದಲ್ಲಿ ಇಟಾಲಿಯನ್ನಿಗೆ ಇಳಿಸಿಕೊಂಡು ಓದಿದ ಈಕೆ, ಅವರ ವಿಧಾನದಿಂದ ಬುದ್ಧಿಮಾಂದ್ಯರೆಂದು ಕರೆಸಿಕೊಂಡ ಮಕ್ಕಳಿಗೆ ಓದು ಬರಹ ಕಲಿಸಿದರು. ಎಲ್ಲರೂ ಹೊಗಳುತ್ತಿರುವಾಗ ಅವರ ಮನಸ್ಸಿನಲ್ಲಿ ಬೇರೊಂದು ಪ್ರಶ್ನೆಯಿತ್ತು. ಈ ಮಕ್ಕಳೇ ಇಷ್ಟು ಕಲಿಯುವುದಾದರೆ, ಆರೋಗ್ಯವಂತ ಮಕ್ಕಳನ್ನು ನಮ್ಮ ಶಾಲೆಗಳು ಎಷ್ಟು ಹಿಂದಕ್ಕೆ ಎಳೆಯುತ್ತಿರಬಹುದು?

1907ರ ಜನವರಿ 6ರಂದು ರೋಮಿನ ಸಾನ್ ಲೊರೆಂಝೊ ಎಂಬ ಬಡವರ ಬಡಾವಣೆಯಲ್ಲಿ ಅವರ ‘ಮಕ್ಕಳ ಮನೆ’ ತೆರೆಯಿತು. ಅಪ್ಪ ಅಮ್ಮ ಕೂಲಿಗೆ ಹೋದಾಗ ಬೀದಿಯಲ್ಲಿ ಅಲೆಯುತ್ತಿದ್ದ ಮಕ್ಕಳು ಅಲ್ಲಿಗೆ ಬಂದರು. ಒಂದು ದಿನ ಸುಮಾರು ಮೂರು ವರ್ಷದ ಹುಡುಗಿಯೊಬ್ಬಳು ಗುಳಿಗಳಿದ್ದ ಮರದ ಹಲಗೆಯಿಂದ ಉರುಳೆಗಳನ್ನು ತೆಗೆದು, ಕಲಸಿ, ಮತ್ತೆ ಅದರದರ ಗುಳಿಗೆ ಹಾಕುತ್ತಿದ್ದಳು. ಮುಗಿದರೆ ಮತ್ತೆ ಶುರು. ಮಾಂಟೆಸ್ಸರಿ ಉಳಿದ ಮಕ್ಕಳಿಂದ ಸುತ್ತ ಹಾಡಿಸಿದರು. ಹುಡುಗಿಯನ್ನು ಕುರ್ಚಿ ಸಮೇತ ಎತ್ತಿ ಮೇಜಿನ ಮೇಲಿಟ್ಟರು. ಅವಳು ಉರುಳೆಗಳನ್ನು ಮಡಿಲಲ್ಲಿ ಹಿಡಿದು ಕೆಲಸ ಮುಂದುವರಿಸಿದಳು. ನಲವತ್ತಕ್ಕೂ ಹೆಚ್ಚು ಸಲ ಮಾಡಿ, ಕೊನೆಗೆ ನಿದ್ದೆಯಿಂದ ಎದ್ದವಳಂತೆ ನಗುತ್ತಾ ಸುತ್ತ ನೋಡಿದಳು.

‘ಮಕ್ಕಳಿಗೆ ಏಕಾಗ್ರತೆಯೇ ಇಲ್ಲ’ ಎಂದು ಶಿಕ್ಷಕರ ಸಭೆಗಳಲ್ಲಿ ದೂರುವ ನಾವು ಆ ಹುಡುಗಿಯನ್ನು ನೆನೆಯಬೇಕು. ಏಕಾಗ್ರತೆ ಇರುತ್ತದೆ. ಅದಕ್ಕೆ ತಕ್ಕ ಕೆಲಸವನ್ನು ನಾವು ಕೊಟ್ಟಿರುವುದಿಲ್ಲ.

ಮದ್ರಾಸು ಮತ್ತು ಚನ್ನಪಟ್ಟಣ

ಈ ಚರಿತ್ರೆ ನಮ್ಮ ದೇಶಕ್ಕೂ ಬಂದಿತು. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲೇ ಬಾಲಮಂದಿರ ತೆರೆದು ಮಾಂಟೆಸ್ಸರಿ ವಿಧಾನವನ್ನು ನಮ್ಮ ಮಣ್ಣಿಗೆ ಒಗ್ಗಿಸಿದರು. 1939ರಲ್ಲಿ ಮಾಂಟೆಸ್ಸರಿಯವರೇ ಮದ್ರಾಸಿನ ಅಡ್ಯಾರಿಗೆ ಬಂದರು. ಮಹಾಯುದ್ಧದಿಂದಾಗಿ 1946ರವರೆಗೆ ಭಾರತದಲ್ಲೇ ಉಳಿಯಬೇಕಾಯಿತು. ಆ ವರ್ಷಗಳಲ್ಲಿ ಅವರ ಬಳಿ ಸಾವಿರಕ್ಕೂ ಹೆಚ್ಚು ಶಿಕ್ಷಕರು ತರಬೇತಿ ಪಡೆದರು.

ನಮ್ಮ ಕರ್ನಾಟಕದಲ್ಲಿ ಮರದ ಆಟಿಕೆ ಎಂದರೆ ಚನ್ನಪಟ್ಟಣ. ಟಿಪ್ಪು ಸುಲ್ತಾನರು ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿದರೆಂಬ ಪ್ರತೀತಿ ಅಲ್ಲಿದೆ. ಬಾವಾಸ್ ಮಿಯಾ ಎಂಬವರು ಈ ಕಲೆಯನ್ನು ಬೆಳೆಸಿದರೆಂದೂ ಜನ ನೆನೆಯುತ್ತಾರೆ. ಹಾಲೆ ಮರವನ್ನು ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ, ಕೇದಗೆಯ ಗರಿಯಿಂದ ಹೊಳಪು ಕೊಡುತ್ತಾರೆ. ಮೂಲೆ ಮೊನೆಗಳಿಲ್ಲದ ನುಣುಪು, ಕೈಗೆ ತಕ್ಕ ತೂಕ. ಅಲ್ಲಿನ ಉಂಗುರ ಗೋಪುರವನ್ನು ಮಗುವಿನ ಮುಂದಿಡಿ. ದೊಡ್ಡದು ಕೆಳಗೆ, ಚಿಕ್ಕದು ಮೇಲೆ ಎಂಬುದನ್ನು ನೀವು ಹೇಳಬೇಕಾಗಿಲ್ಲ, ಕೈಯೇ ಕಂಡುಕೊಳ್ಳುತ್ತದೆ. ಇಂದಿಗೂ ಆ ಊರಿನ ಎಷ್ಟೋ ಮುಸ್ಲಿಂ ಮನೆಗಳ ಒಲೆ ಉರಿಯುವುದು ಈ ಕೆಲಸದಿಂದ.

ನನ್ನ ತರಗತಿಯಲ್ಲಿ ನಡೆದ ತಪ್ಪು

ಈಗ ನನ್ನ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಿಕೊಳ್ಳಬೇಕು. ಬಿ.ಎಡ್. ಓದುವಾಗ ಫ್ರೋಬೆಲ್, ಮಾಂಟೆಸ್ಸರಿ ಇವರ ತತ್ವಗಳನ್ನು ನಾನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಕೈಯಿಂದ ಕಲಿಯಬೇಕೆಂಬ ಮಾತನ್ನು ಬಾಯಿಂದ ಕಲಿತದ್ದು! ಒಳ್ಳೆಯ ಅಂಕವೂ ಬಂತು.

ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ನನ್ನ ಎರಡನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಉರ್ದುವಿನಲ್ಲೂ ಓದುತ್ತಿರಲಿಲ್ಲ, ಕನ್ನಡದಲ್ಲೂ ಓದುತ್ತಿರಲಿಲ್ಲ. ಪ್ರಶ್ನೆ ಕೇಳಿದರೆ ನೆಲ ನೋಡುತ್ತಿದ್ದ. ಅವನ ಅಮ್ಮಿ ಶಾಲೆಗೆ ಬಂದಾಗ, ‘ನಿಮ್ಮ ಹುಡುಗ ಕಮ್‌ಝೋರ್ ಇದ್ದಾನೆ’ ಎಂದು ಅವನ ಎದುರಿಗೇ ಹೇಳಿಬಿಟ್ಟೆ. ಅಮ್ಮಿ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಸುಮ್ಮನೆ ನಿಂತಿದ್ದರು.

ಕೆಲವು ದಿನಗಳ ನಂತರ ದೊಡ್ಡ ಮಕ್ಕಳ ಸಮಾಜ ವಿಜ್ಞಾನ ಪಾಠಕ್ಕೆಂದು ಕರ್ನಾಟಕದ ಭೂಪಟವನ್ನು ರಟ್ಟಿಗೆ ಅಂಟಿಸಿ, ಜಿಲ್ಲೆಗಳ ಗಡಿಯಲ್ಲಿ ಕತ್ತರಿಸಿ ಮೇಜಿನ ಮೇಲಿಟ್ಟಿದ್ದೆ. ಸ್ಪಿಲ್ಸ್‌ಬರಿ ಯಾರೆಂದು ಆಗ ನನಗೆ ಗೊತ್ತಿರಲಿಲ್ಲ. ಊಟದ ಬಿಡುವಿನಲ್ಲಿ ಬಂದು ನೋಡಿದರೆ ಆ ಹುಡುಗ ನೆಲದ ಮೇಲೆ ಕೂತು ತುಂಡುಗಳನ್ನು ಜೋಡಿಸುತ್ತಿದ್ದ. ಮೇಲೆ ಬೀದರ್ ಇಟ್ಟಾಗಿತ್ತು, ಕೆಳಗೆ ಚಾಮರಾಜನಗರ. ಸುತ್ತಲಿನ ಅಂಚನ್ನು ಮುಗಿಸಿ ಒಳಗೆ ಬರುತ್ತಿದ್ದ. ನಾನು ಬಾಗಿಲಲ್ಲೇ ನಿಂತೆ. ಘಂಟೆ ಹೊಡೆದದ್ದು ಅವನಿಗೆ ಕೇಳಿಸಲಿಲ್ಲ. ಐದನೇ ತರಗತಿಯವರು ಗಲಾಟೆ ಮಾಡಿ ಅರ್ಧಕ್ಕೆ ಬಿಟ್ಟಿದ್ದ ಭೂಪಟವನ್ನು ಅವನು ಒಬ್ಬನೇ ಮುಗಿಸಿದ.

‘ಹೇಗೆ ಗೊತ್ತಾಯ್ತೋ?’ ಎಂದೆ.

‘ಅಬ್ಬಾ ಹಂಗೇ ಮಾಡ್ತಾರಲ್ಲ ಟೀಚರ್. ಮೊದ್ಲು ಗೋಡೆ ಪಕ್ಕ ಇಡ್ತಾರೆ. ಆಮೇಲೆ ಒಳಗೆ ಬರ್ತಾರೆ’ ಎಂದ.

ಅವನ ಅಬ್ಬಾ ಮನೆಗಳಿಗೆ ಟೈಲ್ಸ್ ಹಾಕುವವರು. ಭಾನುವಾರ ಇವನೂ ಜೊತೆಗೆ ಹೋಗುತ್ತಿದ್ದ. ಯಾವ ಚೂರು ಯಾವ ಮೂಲೆಗೆ ಕೂರುತ್ತದೆಂದು ಕಣ್ಣಲ್ಲೇ ಅಳೆಯುವುದನ್ನು ಅಲ್ಲಿ ಕಲಿತಿದ್ದ. ಅಬುಲ್ ವಫಾ ಇದ್ದಿದ್ದರೆ ಈ ಹುಡುಗನ ಪಕ್ಕದಲ್ಲಿ ಕೂತು ಮಾತನಾಡಿಸುತ್ತಿದ್ದರು. ನಾನೋ ಅವನನ್ನು ಕಮ್‌ಝೋರ್ ಎಂದು ಬರೆದಿದ್ದೆ.

ಮರುದಿನದಿಂದ ಅವನು ಓದತೊಡಗಿದ ಎಂದು ಹೇಳಿದರೆ ಸುಳ್ಳಾಗುತ್ತದೆ. ಓದು ನಿಧಾನವಾಗಿಯೇ ಬಂತು. ಆದರೆ ಅವನು ಮೊದಲು ಓದಿದ ಕನ್ನಡ ಪದಗಳು ಆ ತುಂಡುಗಳ ಮೇಲಿದ್ದವು: ಬೀದರ್, ಗದಗ, ಹಾಸನ. ‘ಕೊಪ್ಪಳ’ದ ಒತ್ತಕ್ಷರಕ್ಕೆ ಮಾತ್ರ ಒಂದು ವಾರ ಹಿಡಿಯಿತು. ಅವನ ಅಮ್ಮಿಯನ್ನು ಮತ್ತೆ ಕರೆಸಿ, ಅವನ ಎದುರಿಗೇ ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡೆ.

ಆಯ್ಕೆ ಮಾಡುವಾಗ

ಹಾಗಾದರೆ ನಿಮ್ಮ ಮಗುವಿಗೆ ಏನು ತರಬೇಕು? ಈ ಚರಿತ್ರೆಯಿಂದ ನಾನು ಕಲಿತದ್ದನ್ನು ಹೇಳುತ್ತೇನೆ.

ಮೊದಲನೆಯದು, ಆಟಿಕೆಯೇ ತಪ್ಪನ್ನು ತೋರಿಸಬೇಕು. ನೀವು ‘ಅಲ್ಲ, ಅಲ್ಲ’ ಎನ್ನುವ ಅಗತ್ಯ ಬೀಳಬಾರದು. ಅಮ್ಮಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದರೂ, ಅಬ್ಬಾ ಅಂಗಡಿಯಲ್ಲಿದ್ದರೂ ಮಗು ತಾನೇ ಮುಂದುವರಿಯುವಂತಿರಬೇಕು.

ಎರಡನೆಯದು, ವಯಸ್ಸು. ಒಂದೂವರೆ ಎರಡು ವರ್ಷಕ್ಕೆ ಹಿಡಿ ಇರುವ ಮೂರು ನಾಲ್ಕು ತುಂಡಿನ ಹಲಗೆ ಅಥವಾ ಉಂಗುರ ಗೋಪುರ ಸಾಕು. ಮೂರು ವರ್ಷಕ್ಕೆ ಸುಮಾರು ಆರರಿಂದ ಹನ್ನೆರಡು ತುಂಡು, ನಾಲ್ಕೈದಕ್ಕೆ ಹನ್ನೆರಡರಿಂದ ಇಪ್ಪತ್ತನಾಲ್ಕು, ಆರಕ್ಕೆ ಅದಕ್ಕಿಂತ ಹೆಚ್ಚು ಮತ್ತು ಟ್ಯಾಂಗ್ರಾಮ್. ಇದು ಅಂದಾಜು ಮಾತ್ರ. ಸ್ವಲ್ಪ ಕಷ್ಟಪಟ್ಟು ತಾನೇ ಮುಗಿಸುವಂತಿದ್ದರೆ ಅದೇ ಸರಿಯಾದ ಅಳತೆ. ಬುದ್ಧಿವಂತನಾಗಲಿ ಎಂದು ನೂರು ತುಂಡಿನ ಪೆಟ್ಟಿಗೆ ತಂದರೆ ಮಗು ಕಲಿಯುವುದು ಸೋಲನ್ನು ಮಾತ್ರ. 1974ರಲ್ಲಿ ತಾನೇ ಮಾಡಿದ ಘನವನ್ನು ಬಿಡಿಸಲು ಬುಡಾಪೆಸ್ಟಿನ ಅಧ್ಯಾಪಕ ಎರ್ನೊ ರೂಬಿಕ್‌ಗೇ ಒಂದು ತಿಂಗಳು ಹಿಡಿಯಿತಂತೆ! ಐದು ವರ್ಷದ ಮಗುವಿಗೆ ಅದರ ಅವಸರವಿಲ್ಲ.

ಮೂರನೆಯದು, ಸುರಕ್ಷತೆ. ಮೂರು ವರ್ಷದೊಳಗಿನ ಮಗುವಿಗೆ ಬಾಯೊಳಗೆ ಹೋಗುವಷ್ಟು ಚಿಕ್ಕ ತುಂಡು ಬೇಡವೇ ಬೇಡ. ಸಣ್ಣ ಆಯಸ್ಕಾಂತ, ಗುಂಡಿ ಬ್ಯಾಟರಿ ನುಂಗಿದರೆ ಪ್ರಾಣಾಪಾಯ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ನೋಂದಾಯಿತ ಕುಶಲಕರ್ಮಿಗಳ ಕೈಕೆಲಸಕ್ಕೆ ಇದರಿಂದ ವಿನಾಯಿತಿ ಕೊಡಲಾಯಿತು. ಆದ್ದರಿಂದ ಚನ್ನಪಟ್ಟಣದ ಆಟಿಕೆಯ ಮೇಲೆ ಗುರುತು ಕಾಣದಿದ್ದರೆ ಗಾಬರಿ ಬೇಡ. ನಂಬಿಕೆಯ ಅಂಗಡಿಯಲ್ಲಿ ಅರಗಿನ ಬಣ್ಣವೇ ಎಂದು ಕೇಳಿ ಕೊಳ್ಳಿ.

ನಾಲ್ಕನೆಯದು, ಮೊಬೈಲಿನ ಒಗಟು ಇದಕ್ಕೆ ಬದಲಿಯಲ್ಲ. ಅಲ್ಲಿ ತುಂಡಿಗೆ ತೂಕವಿಲ್ಲ, ಅಂಚಿಲ್ಲ. ಹತ್ತಿರ ತಂದರೆ ತಾನೇ ಅಂಟಿಕೊಳ್ಳುತ್ತದೆ. ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಪರದೆಯ ಮುಂದೆ ಕೂರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಕಡಿಮೆಯಾದಷ್ಟೂ ಒಳ್ಳೆಯದೆಂದೂ ಸೇರಿಸಿತು.

ಐದನೆಯದು, ಹಣವಿಲ್ಲದಿದ್ದರೆ ಚಿಂತೆ ಬೇಡ. ಹಳೆಯ ಮದುವೆ ಕಾಗದದ ದಪ್ಪ ರಟ್ಟು, ಒಂದು ಚಿತ್ರ, ಅಂಟು, ಕತ್ತರಿ ಇದ್ದರೆ ಸಾಕು. ಅಡಿಗೆಮನೆಯ ಬೇರೆ ಬೇರೆ ಅಳತೆಯ ಡಬ್ಬಗಳನ್ನೂ ಅವುಗಳ ಮುಚ್ಚಳಗಳನ್ನೂ ಬೇರೆ ಮಾಡಿ ಮಗುವಿನ ಮುಂದಿಡಿ. ಅದೂ ಸೆಗ್ಯಾಂ ಅವರ ಹಲಗೆಯ ತಂಗಿಯೇ. ನಮ್ಮ ರಾಜ್ಯದ ನಲಿ-ಕಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದಾಗಲೂ ಶಿಕ್ಷಕರೇ ಕೂತು ಕಾರ್ಡುಗಳನ್ನು ತಯಾರಿಸಿದ್ದರು.

ಕೊನೆಯದು, ಬಹಳ ಕಷ್ಟದ್ದು: ಮಗು ಆಡುವಾಗ ನೀವು ಸುಮ್ಮನಿರಬೇಕು. ತುಂಡು ತಿರುಗಿಸಿ ಕೊಡಬೇಡಿ. ‘ಶಾಬಾಶ್’ ಎಂದು ನಡುವೆ ಕೂಗಬೇಡಿ. ಅದೇ ಹಲಗೆಯನ್ನು ಹತ್ತನೆಯ ಸಲ ಮಾಡುತ್ತಿದ್ದರೆ ‘ಸಾಕು ಬಿಡು’ ಎನ್ನಬೇಡಿ. ಸಾನ್ ಲೊರೆಂಝೊದ ಹುಡುಗಿ ನಲವತ್ತು ದಾಟಿದ ಮೇಲೆ ನಕ್ಕಳು.

ಓದುಗರೇ, ಬಗ್ದಾದಿನ ಹಂಚುಗಾರ, ಲಂಡನ್ನಿನ ನಕ್ಷೆಗಾರ, ಚನ್ನಪಟ್ಟಣದ ಕಡೆಯುವವನು, ರೋಮಿನ ಕೂಲಿಕಾರರ ಮಗಳು, ನನ್ನ ತರಗತಿಯ ಟೈಲ್ಸ್ ಮೇಸ್ತ್ರಿಯ ಮಗ, ಇವರೆಲ್ಲ ಒಂದೇ ಮಾತನ್ನು ಹೇಳುತ್ತಿದ್ದಾರೆ: ಬುದ್ಧಿ ಬಾಯಿಂದ ಮಾತ್ರ ಹೊರಬರುವುದಿಲ್ಲ. ನಮ್ಮ ಸಂಸ್ಥೆಯ ಶಾಲೆಗಳಲ್ಲಿ, ನಮ್ಮ ಓಣಿಯ ಮನೆಗಳಲ್ಲಿ, ಪ್ರಶ್ನೆ ಕೇಳಿದಾಗ ನೆಲ ನೋಡುವ ಮಕ್ಕಳು ಇಂದಿಗೂ ಇದ್ದಾರೆ. ಅವರ ಹೆಸರಿನ ಮುಂದೆ ಏನಾದರೂ ಬರೆಯುವ ಮೊದಲು ಅವರ ಕೈಗೆ ಒಂದು ಒಗಟು ಕೊಟ್ಟು, ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿ. ನಾನು ತಡವಾಗಿ ನೋಡಿದೆ. ನೀವು ಬೇಗ ನೋಡಿರಿ.